ಒಂದು ಕಪ್ ಹೆಚ್ಚು

ಆಡಿಸ್ ಅಬಾಬಾಕ್ಕೆ ಇನ್ನೂ ಬೆಳಕು ಹರಿದಿಲ್ಲ. ಆಫ್ರಿಕಾ ಒಕ್ಕೂಟದ ಕಟ್ಟಡದ ನೆಲಮಹಡಿಯಲ್ಲಿ ಯೆಷಿಮೆಬೆತ್ ಕಾಫಿಬೀಜ ಹುರಿಯುತ್ತಿದ್ದಾಳೆ. ಸಭೆಗೆ ಬರುವವರು ಹನ್ನೆರಡು ಮಂದಿ. ತಟ್ಟೆಯಲ್ಲಿ ಹದಿಮೂರು ಕಪ್ಪುಗಳಿವೆ.

"ಅಮ್ಮಾ, ಒಂದು ಜಾಸ್ತಿ ಇದೆಯಲ್ಲ, ನಂಗಾ?" ಬಾಗಿಲಲ್ಲೇ ನಿಂತು ಕಾವಲಿನ ತಿಲಾಹುನ್ ಕೇಳುತ್ತಾನೆ.

"ನಿನ್ನ ಮೂತಿಗೆ! ಅದು ಮೊದಲೇ ಬಂದು ಕೂತೋರಿಗೆ."

ತಿಲಾಹುನ್ ಒಳಗೆ ಕಾಲಿಡುವುದಿಲ್ಲ. ಈ ಹೊತ್ತಿನಲ್ಲಿ ಮೆಟ್ಟಿಲ ಕೆಳಗಿನಿಂದ ಕೆಮ್ಮು ಕೇಳಿಸುತ್ತದೆ ಎಂದು ಅವನು ಹೇಳುತ್ತಾನೆ. ಅದು ನೀರಿನ ಪೈಪಿನ ಸದ್ದು ಎನ್ನುವುದು ಎಂಜಿನಿಯರರ ಮಾತು.

"ಪೈಪೇ ಇರಬಹುದು. ಕಪ್ ಇಟ್ಟ ತಕ್ಷಣ ಯಾಕೆ ಸುಮ್ಮನಾಗುತ್ತೆ, ಅದನ್ನ ಅವರೇ ಹೇಳಲಿ," ಎನ್ನುತ್ತಾಳೆ ಯೆಷಿಮೆಬೆತ್.

ಈ ನೆಲದ ಮೇಲೆ ಮೊದಲು ಜೈಲಿತ್ತು. ಸೈನಿಕರ ಆಳ್ವಿಕೆಯಲ್ಲಿ ಅವಳ ಅಪ್ಪ, ದರ್ಜಿ ದೆಸ್ತಾ, ಅದರೊಳಗೆ ಹೋದ. ತಾಯಿ ಮಗಳು ವಾರವಾರ ಇಂಜೆರಾ ರೊಟ್ಟಿ ತುಂಬಿದ ಬುಟ್ಟಿ ಹೊತ್ತು ಗೇಟಿಗೆ ಬರುತ್ತಿದ್ದರು. ಒಂದು ದಿನ ಬುಟ್ಟಿ ಯಾರೂ ಮುಟ್ಟದೆ ತುಂಬಿದ ಹಾಗೇ ವಾಪಸ್ ಬಂತು. "ಇನ್ನು ತರಬೇಡಿ," ಎಂದ ಕಾವಲಿನವ. ಸತ್ತ ಸುದ್ದಿಯನ್ನು ಆಗ ಹೇಳುತ್ತಿದ್ದದ್ದು ಹಾಗೆ. ಹೆಣ ಕೊಡಲಿಲ್ಲ. ಗೋಡೆಗಳು ಉರುಳಿ ಗಾಜಿನ ಕಟ್ಟಡ ಎದ್ದ ಮೇಲೆ ಅವಳು ಕೆಲಸ ಕೇಳಿಕೊಂಡು ಬಂದಳು. "ಅಪ್ಪ ಇರೋ ಜಾಗ. ಸಂಬಳಾನೂ ಕೊಡ್ತಾರೆ," ಎಂದು ನಗುತ್ತಾಳೆ.

ಐವತ್ತೈದು ದೇಶಗಳ ಒಕ್ಕೂಟ ಇದು. ರಸ್ತೆ, ಲಸಿಕೆ, ಗಡಿ ದಾಟುವ ವ್ಯಾಪಾರ, ಎಲ್ಲದರ ಮಾತೂ ಇಲ್ಲಿ ನಡೆಯುತ್ತದೆ. ಇವತ್ತಿನದು ಯುದ್ಧದ ಮಾತು. ಒಂದೇ ದೇಶದ ಎರಡು ಬಣಗಳು ಎದುರುಬದುರು ಕೂರುತ್ತವೆ. ಆ ಎರಡರ ನಡುವೆ ಒಕ್ಕೂಟದ ಶಾಂತಿಪಡೆ ಡೇರೆ ಹೂಡಿದೆ. ಅದರಲ್ಲಿ ಅವಳ ಮಗ ನಹುಸೆನಾಯ್ ಇದ್ದಾನೆ. ಇಲ್ಲಿ ಮಾತು ಮುರಿದರೆ ಮೊದಲ ಗುಂಡು ಹಾರುವುದು ಅವನ ತಲೆಯ ಮೇಲೆ. ಈ ವಿಷಯ ಸಭೆಯಲ್ಲಿ ಯಾರಿಗೂ ಗೊತ್ತಿಲ್ಲ; ಅವಳೂ ಹೇಳಿಲ್ಲ.

ಕಾಫಿ ಮೂರು ಸುತ್ತು ಸುರಿಯಬೇಕು. ಮೂರನೆಯದು ಬರಕಾ, ಆಶೀರ್ವಾದದ ಸುತ್ತು. ಅದಕ್ಕೆ ಮೊದಲು ಎದ್ದು ಹೋಗುವವರು ಮನೆಗೆ ಕೇಡು ಬಯಸಿದಂತೆ. ಸಭೆ ಕೂತು ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಒಂದು ಬಣದ ಮುದಿ ಕಮಾಂಡರ್ ಕುರ್ಚಿ ಹಿಂದಕ್ಕೆ ತಳ್ಳಿ ಏಳುತ್ತಾನೆ.

"ಸಾಕು. ಇನ್ನು ಮಾತು ಬಂದೂಕಿನದು."

"ಬರಕಾ ಬಾಕಿ ಇದೆ, ಸ್ವಾಮಿ," ಎನ್ನುತ್ತಾಳೆ ಯೆಷಿಮೆಬೆತ್. ದುಭಾಷಿ ಅದನ್ನೂ ಅನುವಾದಿಸುತ್ತಾನೆ.

"ನಿನ್ನ ಕಾಫಿ ಯಾರಿಗೆ ಬೇಕು, ಮುದುಕಿ?"

ಬಾಗಿಲಿನತ್ತ ಹೊರಟವನು ಮೇಜಿನ ತುದಿಯಲ್ಲಿ ನಿಲ್ಲುತ್ತಾನೆ. ಅಲ್ಲಿನ ಕುರ್ಚಿಯಲ್ಲಿ ಬೆಳಗಿನಿಂದ ಯಾರೂ ಕೂತಿಲ್ಲ. ಅದರ ಮುಂದೆ ಯೆಷಿಮೆಬೆತ್ ತುಂಬಿಟ್ಟಿದ್ದ ಹದಿಮೂರನೆಯ ಕಪ್ ಖಾಲಿಯಾಗಿದೆ. ತಳದಲ್ಲಿ ಒದ್ದೆ ಗಸಿ ಮಾತ್ರ.

"ಇಲ್ಲಿ ಯಾರಿದ್ದರು?"

ಎರಡೂ ಕಡೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮೆಟ್ಟಿಲ ಕೆಳಗೆ ಯಾರೋ ಗಂಟಲು ಸರಿಪಡಿಸಿಕೊಂಡ ಹಾಗಾಗುತ್ತದೆ. ಯೆಷಿಮೆಬೆತ್ ಕಾಫಿಯ ಹೂಜಿ ಜೆಬೆನಾ ಬಗ್ಗಿಸಿ ಮೂರನೆಯ ಸುತ್ತನ್ನು ಆ ಕಪ್ಪಿಗೇ ಮೊದಲು ಸುರಿಯುತ್ತಾಳೆ.

"ಇಲ್ಲಿ ಜೈಲಿದ್ದಾಗ ಗುಂಡೇಟಿಗೆ ಸತ್ತೋರು. ಅವರೇ ಇನ್ನೂ ಎದ್ದಿಲ್ಲ, ನಿಮಗೇನು ಅವಸರ?"

ಕಮಾಂಡರ್ ಆ ಕಪ್ಪಿನಿಂದ ಕಣ್ಣು ಕೀಳದೆ ಹಿಂದೆ ಸರಿದು ತನ್ನ ಕುರ್ಚಿಯಲ್ಲಿ ಕೂರುತ್ತಾನೆ. ಮಾತು ಸಂಜೆಯವರೆಗೂ ನಡೆಯುತ್ತದೆ. ಒಪ್ಪಂದವೇನೂ ಆಗುವುದಿಲ್ಲ. ನಾಳೆ ಮತ್ತೆ ಕೂರುವುದು, ಅಲ್ಲಿಯವರೆಗೆ ಗುಂಡು ಹಾರಿಸದಿರುವುದು, ಇಷ್ಟೇ.

"ನಾಳೆವರೆಗೆ ನನ್ನ ಮಗ ಇರ್ತಾನೆ. ನಾಳೆ ಮತ್ತೆ ಹುರೀತೀನಿ," ಎನ್ನುತ್ತಾ ಅವಳು ಕಪ್ಪುಗಳನ್ನು ತೊಳೆಯುತ್ತಾಳೆ.

ಹದಿಮೂರನೆಯದನ್ನು ಕುಡಿದವರು ಯಾರು ಎಂದು ತಿಲಾಹುನ್ ಬಾಗಿಲಾಚೆಯಿಂದಲೇ ಕೇಳುತ್ತಾನೆ.

"ಯಾರು ಅಂತ ತಿರುಗಿ ನೋಡಿಲ್ಲ ಕಣಪ್ಪ. ಅವತ್ತು ಬುಟ್ಟಿ ತುಂಬಿದ ಹಾಗೇ ವಾಪಸ್ ಬಂತು. ಈ ಕಪ್ ಒಂದು ದಿನಾನೂ ಹಾಗೆ ಬಂದಿಲ್ಲ."