ಹುರುಳಿಯ ಮೇಲೆ ಕಲಿತ ಕಾರು

ಏನನ್ನೂ ಹರಡಿಲ್ಲದ ನುಣ್ಣನೆಯ ಡಾಂಬರು ರಸ್ತೆಯನ್ನು ಕಂಡರೆ ನನಗೆ ಈಗಲೂ ಕೈಕಾಲು ಆಡುವುದಿಲ್ಲ. ಕಾರು ಓಡಿಸುವವರೆಲ್ಲ ಹಾತೊರೆಯುವುದು ಅಂಥ ರಸ್ತೆಗೇ ಎಂದು ಗೊತ್ತು. ಆದರೆ ನಾನು ಕಲಿತದ್ದು ಎಪ್ಪತ್ತರ ದಶಕದ ಒಂದು ಸುಗ್ಗಿಯಲ್ಲಿ, ದೇವನಹಳ್ಳಿಯಿಂದ ನಲ್ಲೂರಿನ ಕಡೆ ಹೋಗುವ ದಾರಿಯಲ್ಲಿ. ಸುಗ್ಗಿ ಬಂತೆಂದರೆ ನಮ್ಮ ಕಡೆಯವರಿಗೆ ರಸ್ತೆಯೇ ಕಣ. ರಾಗಿ ತೆನೆಯನ್ನೋ ಹುರುಳಿ ಗಿಡವನ್ನೋ ಡಾಂಬರಿನ ಮೇಲೆ ಹಾಸಿ, ಅಂಚಿಗೆ ನಾಲ್ಕು ಕಲ್ಲಿಟ್ಟು, ಹೊಂಗೆ ಮರದ ನೆರಳಲ್ಲಿ ಕೂತುಬಿಡುತ್ತಾರೆ. ಹೋಗುವ ಬರುವ ಬಸ್ಸು ಲಾರಿಗಳು ಮೇಲೆ ಹಾದು ಕಾಳು ಬಿಡಿಸಿಕೊಡಬೇಕು. ಆಗ ಬಸ್ಸೂ ಅಪರೂಪ, ಲಾರಿಯೂ ಅಪರೂಪ. ಹೋದ ದಾರಿಯಲ್ಲೇ ಹಿಂದಕ್ಕೂ ಮುಂದಕ್ಕೂ ಓಡಾಡುವ ನನ್ನಂಥ ಕಲಿಯುವವಳು ಸಿಕ್ಕರೆ ಯಾರು ತಾನೇ ಬಿಡುತ್ತಾರೆ?

ಅಲ್ಲಿಯವರೆಗೆ ನಾನು ಓಡಿಸಿದ್ದ ಯಂತ್ರವೆಂದರೆ ಹೊಲಿಗೆಯದು ಒಂದೇ. ಆ ಅಭ್ಯಾಸಬಲದಿಂದ ಕ್ಲಚ್ಚನ್ನೂ ಒಂದೇ ಸಮನೆ ತುಳಿಯುತ್ತಿದ್ದೆ; ನಮ್ಮ ಹಳೇ ಕಾರು ಬಿಕ್ಕಳಿಸುತ್ತ ನಿಂತುಬಿಡುತ್ತಿತ್ತು. ನನ್ನ ಯಜಮಾನರು ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅದನ್ನೇ ನೆಪ ಮಾಡಿಕೊಂಡು ಮನೆಗೆ ಹೋಗಬಹುದಿತ್ತು.

ಅವರು ದನದ ಡಾಕ್ಟರು. ಸುತ್ತಲ ಹಳ್ಳಿಗಳಲ್ಲಿ ಹಸು ಎಮ್ಮೆಗೆ ಏನೇ ಆದರೂ ಅದೇ ಕಾರಿನಲ್ಲಿ ಹೋಗುತ್ತಿದ್ದರು. ಆ ವರ್ಷ ಅವರ ಕಣ್ಣು ಕೈಕೊಡತೊಡಗಿತು. ನೇರಕ್ಕಿದ್ದದ್ದು ಕಾಣುತ್ತಿತ್ತು, ಪಕ್ಕದ್ದು ಇಲ್ಲ. ಬೆಂಗಳೂರಿನ ಕಣ್ಣಿನ ಡಾಕ್ಟರು, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾರೆ ಎಂದುಬಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಇವರು ಒಂದು ಮಾತು ಹೇಳಿದರು.

“ಹಸು ಹೊಟ್ಟೆ ಮುಟ್ಟಿ ನೋಡೋಕೆ ಕಣ್ಣು ಬೇಕಿಲ್ಲ ಕಣೆ. ಆ ಹಸು ಇರೋ ಊರಿಗೆ ಹೋಗೋಕೆ ಬೇಕು. ನೀನು ಕಾರು ಕಲಿತ್ಕೊ.”

ಕಾರು ಕಲಿಯಲು ಎಷ್ಟು ಅಭ್ಯಾಸ ಬೇಕು ಎಂದು ಯಾರಾದರೂ ಕೇಳಿದರೆ ನನಗೆ ಆ ಬಸ್ಸು ನೆನಪಾಗುತ್ತದೆ. ಉಳಿದವರು ಲೈಸೆನ್ಸಿಗೆ ಕಲಿಯುತ್ತಾರೆ, ಷೋಕಿಗೆ ಕಲಿಯುತ್ತಾರೆ. ನಾನು ಅವರ ಕಣ್ಣು ಪೂರ್ತಿ ಹೋಗುವುದರೊಳಗೆ ಕಲಿಯಬೇಕಿತ್ತು. ಸಂಜೆ ಮನೆಗೆ ಬಂದು ದೀಪ ಹಚ್ಚುವಾಗ ಅವರು ಬೆಂಕಿಪೊಟ್ಟಣಕ್ಕೆ ತಡಕಾಡುವುದನ್ನು ನೋಡಿ, ನಾನೇ ಅದನ್ನು ಅವರ ಕೈಗಿಡುತ್ತಿದ್ದೆ. ಇವತ್ತು ನಾನೆಷ್ಟು ಕಲಿತೆ, ಇವರಿಗೆಷ್ಟು ಕಮ್ಮಿಯಾಯಿತು ಎಂಬ ಲೆಕ್ಕ ಮನಸ್ಸಿನಲ್ಲಿ ನಡೆದೇ ಇರುತ್ತಿತ್ತು.

ಹಳ್ಳಿಯವರಿಗೆ ಇದೊಂದೂ ಗೊತ್ತಿಲ್ಲ. ಅವರ ದೃಷ್ಟಿಯಲ್ಲಿ ನಾನು ಕಾಳು ಬಿಡಿಸಲು ದೇವರು ಕಳಿಸಿದ ಗುಂಡುಕಲ್ಲು. “ಡಾಕ್ಟ್ರಮ್ಮಾ, ಆ ಕಡೆ ತೆನೆ ಹಂಗೇ ಉಳ್ಕೊಂಡೈತೆ, ವಸಿ ಅತ್ಲಾಗೆ ಬನ್ನಿ” ಎಂದು ಮರದಡಿಯಿಂದಲೇ ಕೈ ತೋರಿಸುತ್ತಿದ್ದರು. ಹೀಗೆ ನನಗೆ ಎಡ ಬಲಗಳನ್ನು ಕಲಿಸಿದ್ದು ರಾಗಿ. ವೇಗವಾಗಿ ಹೋದರೆ ತೆನೆ ಚೆದುರುತ್ತದೆಂದು ಗದರುತ್ತಿದ್ದರು, ಹಾಗಾಗಿ ಎರಡನೇ ಗೇರಿನಿಂದ ಮೇಲಕ್ಕೆ ಏರುವ ಪ್ರಮೇಯವೇ ಬರಲಿಲ್ಲ. ರಾಶಿ ಮುಗಿದು ಬರೀ ಡಾಂಬರು ಬಂದರೆ ಎತ್ತ ತಿರುಗಿಸಬೇಕೆಂದೇ ತೋಚದೆ, ಮುಂದಿನ ರಾಶಿ ಕಂಡಾಗ ತವರಿಗೆ ಬಂದಷ್ಟು ನೆಮ್ಮದಿಯಾಗುತ್ತಿತ್ತು.

ಎತ್ತು ಪಳಗಿಸುವ ಕ್ರಮವನ್ನು ನನ್ನ ಯಜಮಾನರು ಒಮ್ಮೆ ವಿವರಿಸಿದ್ದರು. ಹೊಸ ಹೋರಿಯನ್ನು ಪಳಗಿದ ಮುದಿ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಾರೆ. ಹೋರಿ ಅಡ್ಡಾದಿಡ್ಡಿ ಎಳೆದಾಗಲೆಲ್ಲ ಮುದಿ ಎತ್ತು ಜಗ್ಗಿ ಸಾಲಿಗೆ ತರುತ್ತದೆ. ಒಂದು ದಿನ ಅದು ಜಗ್ಗುವುದನ್ನು ನಿಲ್ಲಿಸಿ ಸುಮ್ಮನೆ ಜೊತೆಗೆ ನಡೆಯುತ್ತದೆ. ಆಗ ಹೋರಿ ಕಲಿತಿರಬಹುದು, ಇಲ್ಲ ಎತ್ತು ಸೋತಿರಬಹುದು; ಯಾವುದೆಂದು ರೈತನಿಗೂ ಕೂಡಲೇ ಗೊತ್ತಾಗುವುದಿಲ್ಲವಂತೆ. ನಾನು ಹೂಂಗುಟ್ಟಿ ಸೊಪ್ಪು ಸೋಸುತ್ತಿದ್ದೆ.

ಮೊದಮೊದಲು ಪಕ್ಕದಲ್ಲಿ ಕೂತ ಅವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿತ್ತು. ಮುಂದೆ ಮೇಕೆ ಬಂದರೆ ಒತ್ತುವುದು, ಸೈಕಲ್ ಬಂದರೆ ಒತ್ತುವುದು. ಬರಬರುತ್ತ ಅದು ನಿಂತಿತು. “ಈಗ ಚೆನ್ನಾಗಿ ಓಡಿಸ್ತೀಯ” ಎಂದೂ ಹೇಳಿದರು. ನಾನು ಹಿಗ್ಗಿ, ಅಂದು ರಾತ್ರಿ ಅಡುಗೆಗೆ ಎರಡು ಸಲ ಉಪ್ಪು ಹಾಕಿದೆ.

ಅದಾದ ಕೆಲವು ದಿನಕ್ಕೆ, ಸುಡು ಬಿಸಿಲಿನ ಮಧ್ಯಾಹ್ನ, ಹುರುಳಿ ಹಾಸಿದ್ದ ಕಡೆ ಹೋಗುತ್ತಿದ್ದೆವು. ಗಿಡ ಮಗುಚಲು ಬಂದ ಮುದುಕಿಯೊಬ್ಬಳು ಎಡಗಡೆಯಿಂದ, ಅಂದರೆ ಅವರಿದ್ದ ಕಡೆಯಿಂದ, ಕೋಲು ಹಿಡಿದು ನೇರ ರಸ್ತೆಗೆ ಇಳಿದಳು. ಬ್ರೇಕು ತುಳಿದೆ. ಹುರುಳಿ ಕಾಳಿನ ಮೇಲೆ ಬ್ರೇಕು ಹಿಡಿಯುವುದಿಲ್ಲ. ಕಾರು ಜಾರಿಕೊಂಡೇ ಹೋಗಿ ಅವಳ ಸೀರೆಯ ನೆರಿಗೆಯ ಹತ್ತಿರ ನಿಂತಿತು. ಮುದುಕಿ ಬಾಯಿಂದ ಮಾತು ಹೊರಡದೆ ಹುರುಳಿಯ ಮೇಲೆಯೇ ಕುಸಿದು ಕೂತಳು.

ಯಜಮಾನರು ನೇರ ಅವಳು ಕೂತಿದ್ದ ಕಡೆಗೇ ಮುಖ ಮಾಡಿಕೊಂಡು, ನಿಧಾನವಾಗಿ ಕೇಳಿದರು: “ಯಾಕೆ ನಿಲ್ಲಿಸ್ದೆ?”

ನಾನು ಇಳಿದು ಹೋಗಿ ಮುದುಕಿಯನ್ನು ಎಬ್ಬಿಸಿ, ಏನೂ ಪೆಟ್ಟಾಗಿಲ್ಲ ತಾನೇ ಎಂದು ಮತ್ತೆ ಮತ್ತೆ ಕೇಳಿ ನೆರಳಿಗೆ ಕೂರಿಸಿ ಬಂದೆ. ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ.

“ಎಷ್ಟು ದಿನ ಆಯ್ತು ರೀ, ಹೀಗಾಗಿ?”

“ಚೆನ್ನಾಗಿ ಓಡಿಸ್ತೀಯ ಅಂದ್ನಲ್ಲ,” ಎಂದರು, “ಅವತ್ತಿಂದ.”

ಇಬ್ಬರೂ ಅಳಲಿಲ್ಲ. ದಾರಿಯಲ್ಲಿ ಕಂಡದ್ದನ್ನು ಹೇಳುವ ಕೆಲಸ ಮಾತ್ರ ಆ ಕ್ಷಣದಿಂದ ನನ್ನದಾಯಿತು. ಗಾಡಿ ಬಂತು, ತಿರುವು ಬಂತು, ನೀರು ಹೊತ್ತ ಹೆಂಗಸರು ಬಂದರು ಎಂದು ಹೇಳುತ್ತ ಹೊರಟೆ. ಕಾರಿಗೆ ಒಂದು ಸುಗ್ಗಿಯ ಅಭ್ಯಾಸ ಸಾಕಾಗಿತ್ತು. ಈ ಹೊಸ ವಿದ್ಯೆಯಲ್ಲಿ ನಾನಿನ್ನೂ ಮೊದಲನೇ ಗೇರಿನಲ್ಲಿದ್ದೆ. ನಲ್ಲೂರಿನ ಹುಣಸೆ ತೋಪು ಬಂದಾಗ, “ತೋಪು ಬಂತು” ಎಂದೆ.

“ಹೇಗಿದೆ?” ಎಂದರು.

ವಾರಗಟ್ಟಲೆ ಅದರ ಪಕ್ಕದಲ್ಲೇ ಓಡಾಡಿದ್ದೆ. ಒಂದು ಮರವನ್ನೂ ನೋಡಿರಲಿಲ್ಲ. ಕಾರನ್ನು ಬದಿಗೆ ಹಾಕಿ, ಇಂಜಿನ್ ಆರಿಸಿ, ಮೊದಲನೇ ಮರದಿಂದ ನೋಡಲು ಶುರುಮಾಡಿದೆ.