ರತ್ನಮಾಲಾ ಕೇಳಿದ ಪಗಾರ

ಬಸವಕಲ್ಯಾಣದಲ್ಲಿ ರತ್ನಮಾಲಾಳನ್ನು ಎಲ್ಲರೂ ‘ಪೇಪರ್ ಬಾಯಿ’ ಅಂತಲೇ ಕರೆಯುತ್ತಾರೆ; ಬಾಯಿ ಅಂದರೆ ಆ ಕಡೆ ಅಮ್ಮ, ಅಕ್ಕ ಅಂದಂತೆ. ಹುಮನಾಬಾದಿನಲ್ಲಿ ಅಚ್ಚಾಗುವ ಸಣ್ಣ ದಿನಪತ್ರಿಕೆಯೊಂದಕ್ಕೆ ಅವಳು ಎಷ್ಟೋ ವರ್ಷಗಳಿಂದ ವರದಿಗಾರ್ತಿ. ಮುಡಬಿಯಲ್ಲಿ ಬೋರ್‌ವೆಲ್ ಕೆಟ್ಟರೂ ಅವಳೇ ಹೋಗಬೇಕು, ಗೋರ್ಟಾದಲ್ಲಿ ಹುತಾತ್ಮರ ಸ್ಮರಣೆ ನಡೆದರೂ ಅವಳೇ. ಶೇರ್ ಆಟೋದಲ್ಲಿ ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಮೊಬೈಲಿನಲ್ಲೇ ಸುದ್ದಿ ಟೈಪು ಮಾಡುವಾಗ ಪಕ್ಕದವರು, ‘ಯಾರಿಗಿ ಇಷ್ಟುದ್ದ ಮೆಸೇಜ್ ಹಾಕಾಕತ್ತೀರಿ ಬಾಯಿ?’ ಎಂದು ಕೇಳುವುದುಂಟು. ‘ಊರಿಗೆಲ್ಲ’ ಅನ್ನುತ್ತಾಳೆ.

ಕಳೆದ ವರ್ಷ ಹುಮನಾಬಾದ್ ತಾಲೂಕಿನ ವರದಿಗಾರ ಶೈಲೇಶ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಪತ್ರಿಕೆಯ ಸಂಪಾದಕನೂ ಮಾಲೀಕನೂ ಆದ ಗುರುಲಿಂಗ ಫೋನ್ ಮಾಡಿ, ‘ಬಾಯಿ, ಅವ ಏಳೂತನಕ ಹುಮನಾಬಾದೂ ನೀವೇ ನೋಡ್ಕೊಳ್ರಿ. ನಮ್ಮ ಮನಿ ಪೇಪರ್ ಅಲ್ಲೇನ್ರಿ ಇದು?’ ಅಂದ. ಇವಳೂ ಹೂಂ ಅಂದಳು. ಮುಂಜಾನೆ ಕಲ್ಯಾಣದ ಸುದ್ದಿ, ಮಧ್ಯಾಹ್ನ ಬಸ್ಸು ಹತ್ತಿ ಹುಮನಾಬಾದಿನದು. ಮನೆಯಲ್ಲಿ ಗಂಡ ಸಂಘರತ್ನ ರೊಟ್ಟಿ ಬಡಿಯಲು ಕಲಿತ. ಆ ರೊಟ್ಟಿಗಳ ಆಕಾರ ಮಾತ್ರ ಯಾರೂ ಕೇಳಬಾರದು.

ತಿಂಗಳಾದ ಮೇಲೆ ಅವಳು ಶೈಲೇಶನನ್ನು ಮಾತಾಡಿಸಲು ಹೋದಳು. ಮಂಚದ ಮೇಲೆ ಪ್ಲಾಸ್ಟರಿನ ಕಾಲು ಚಾಚಿಕೊಂಡಿದ್ದವನು ಸಂಕೋಚದಿಂದಲೇ ದಿಂಬಿನ ಕೆಳಗಿಂದ ನೋಟು ತೆಗೆದ. ‘ಅಕ್ಕ, ಸಾಹೇಬ್ರು ನನ್ನ ಪಗಾರ ಪೂರಾ ಕೊಟ್ಟಾರ. ಕೆಲಸ ಮಾಡಿದ್ದು ನೀವು. ಅರ್ಧ ತಗೋರಿ.’

ಬೇಡ ಅನ್ನಲು ಕೈ ಎತ್ತಿದ ರತ್ನಮಾಲಾ ಹಾಗೇ ನಿಂತಳು. ಅವನು ಕೊಡಲು ಬಂದ ಅರ್ಧ ಅವಳ ಪೂರಾ ಪಗಾರದಷ್ಟಿತ್ತು. ಸುದ್ದಿ ಬರೆಯುವುದನ್ನು ಅವನು ಕಲಿತದ್ದೇ ಅವಳ ಕೈಕೆಳಗೆ. ಸಿಟ್ಟು ಬಂತು, ಆದರೆ ಅವನ ಮೇಲಲ್ಲ.

‘ನಿಂದು ನೀನೇ ಇಟ್ಕೊ ತಮ್ಮ. ನಂದು ಕೇಳೂ ಜಾಗ ಬ್ಯಾರೆ ಅದ’ ಎಂದು ನೇರ ಕಚೇರಿಗೆ ನಡೆದಳು.

ಗುರುಲಿಂಗ ಚಹಾ ತರಿಸಿದ. ಕೆಟ್ಟ ಮನುಷ್ಯನೇನಲ್ಲ. ಇಂಥ ಲೆಕ್ಕ ಹಾಕುವವರು ಬಹಳ ಸಲ ಕೆಟ್ಟವರಾಗಿರುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ‘ಹಂಗಲ್ರಿ ಬಾಯಿ, ಅವ ಗಂಡಮಗ. ನಾಳೆ ಲಗ್ನ ಆಗ್ತಾನ, ಮನಿ ನಡಸಬೇಕು. ನಿಮಗ ಯಜಮಾನ್ರು ಅದಾರ.’

‘ನನ್ನ ಗಂಡ ನಿಮ್ಮ ಪೇಪರಿಗಿ ಸುದ್ದಿ ಬರೀತಾನೇನ್ರಿ?’

‘ಮುಂದಿನ ವರ್ಷ ನೋಡೋಣು.’

‘ಆಯ್ತ್ರಿ. ಅಲ್ಲೀತನಕ ನಾನು ನನ್ನ ತಾಲೂಕಷ್ಟೇ ನೋಡ್ತೀನಿ.’

ಮರುದಿನ ಹುಮನಾಬಾದಿನಲ್ಲಿ ಧಾನ್ಯ ವ್ಯಾಪಾರದ ಅಡತಿ ಅಂಗಡಿಗಳ ಹಮಾಲರು ಕೂಲಿ ಹೆಚ್ಚಿಸಿ ಎಂದು ಮೂಟೆ ಹೊರುವುದನ್ನೇ ನಿಲ್ಲಿಸಿದರು. ಊರೆಲ್ಲ ಅದೇ ಮಾತು, ಮಾರನೇ ಬೆಳಗ್ಗೆ ಊರಿನ ಪೇಪರಿನಲ್ಲಿ ಮಾತ್ರ ಆ ಸುದ್ದಿಯ ಜಾಗದಲ್ಲಿ ಟ್ಯೂಷನ್ ಕ್ಲಾಸಿನ ಜಾಹೀರಾತು. ಮಲಗಿದಲ್ಲಿಂದಲೇ ಫೋನ್ ಮಾಡಿ ವಿಚಾರಿಸಿ ಬರಿ ಎಂದು, ಸ್ವತಃ ಸುದ್ದಿ ಬರೆದು ಗೊತ್ತಿಲ್ಲದ ಗುರುಲಿಂಗ ಶೈಲೇಶನಿಗೆ ಗಂಟು ಬಿದ್ದ. ‘ಸರ, ಕಾಲಿನ ಜೋಡಿ ಈಗ ಕೈಯೂ ನೋಯಾಕತ್ತದ್ರಿ’ ಅಂದ ಅವನು. ಈಗ ಬರೆದುಕೊಟ್ಟರೆ ಅಕ್ಕನಿಗೆ ಮುಖ ತೋರಿಸಲು ಅವನಿಗೆ ನಾಚಿಕೆಯಾಗುತ್ತಿತ್ತು.

ಅದರ ಮಾರನೇ ದಿನ ರತ್ನಮಾಲಾ ನಾರಾಯಣಪುರದ ಗುಡಿಯಂಗಳದಲ್ಲಿದ್ದಾಗ ಗುರುಲಿಂಗನ ಫೋನ್ ಬಂತು. ‘ಶೈಲೇಶ ಏಳೂತನಕ ಅವನಷ್ಟೇ ಪಗಾರ ನಿಮಗೂ ಕೊಡ್ತೀನಿ. ಬರ್ರಿ ಬಾಯಿ.’

ಹೂಂ ಅನ್ನುವುದು ಸುಲಭವಿತ್ತು. ಇಲ್ಲ ಅಂದರೆ ಇದ್ದ ಕೆಲಸಕ್ಕೂ ಎರವಾಗಬಹುದಿತ್ತು. ಅವಳಿಗೆ ಹೆದರಿಕೆಯಾಯಿತು. ಹೆದರಿಕೊಂಡೇ ಹೇಳಿದಳು: ‘ಅವನ ಕಾಲು ಕೂಡ್ತದ್ರಿ. ಅವ ಎದ್ದ ದಿನ ನನ್ನ ಪಗಾರ ಮತ್ತ ಮುರೀಬಾರದು.’

ಗುರುಲಿಂಗ ಪೇಪರಿನ ಖರ್ಚಿನ ಲೆಕ್ಕವನ್ನೆಲ್ಲ ಒಪ್ಪಿಸಿದ. ಕಡೆಗೆ, ‘ಖಾಯಂ ಕೊಡ್ತೀನಿ ತಗೋರಿ. ಈಗರೆ ಹಮಾಲರ ಸುದ್ದಿ ಕಳಸ್ರಿ’ ಅಂದ.

ಸಿಕ್ಕ ಬಸ್ಸು ಹತ್ತಿ ಹುಮನಾಬಾದಿಗೆ ಬಂದಳು. ಖಾಲಿ ಗಾಡಿಯ ಮೇಲೆ ಕೂತಿದ್ದ ಹಮಾಲರ ಮುಖಂಡ ಅಬ್ದುಲ್ ಕರೀಂ ಮುಖ ಗಂಟಿಕ್ಕಿದ. ‘ನಾವು ಕೆಲಸ ನಿಲ್ಲಿಸಿ ಕುಂತೀವಿ. ನೀವು ಎಲ್ಲಿ ಹೋಗಿದ್ರಿ ಬಾಯಿ?’

‘ನಾನೂ ನಿಲ್ಲಿಸಿ ಕುಂತಿದ್ದೆ ಚಾಚಾ’ ಎಂದು ರತ್ನಮಾಲಾ ಮೊಬೈಲ್ ತೆಗೆದಳು. ‘ಈಗ ನಿಮ್ಮದು ಹೇಳ್ರಿ.’