ಬಿಸಿಲು ಎಂದವನು ನಾನು

ಇವತ್ತು ಮೈಲೂರಿನ ನಮ್ಮ ಅಡುಗೆಮನೆಯಿಂದ ಹಸಿ ಉಳ್ಳಾಗಡ್ಡಿಯ ವಾಸನೆ ಬಂತು. ಉಳಿದವರಿಗೆ ಅದು ಹಸಿವು ತರುತ್ತದೆ. ನಾನು ಮಾತ್ರ ಎದ್ದು ಅಂಗಳಕ್ಕೆ ಹೋಗಿಬಿಡುತ್ತೇನೆ. ನಾನು ಚಿಂತೆಯ ಮನುಷ್ಯ, ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಬೀಗ ಹಾಕಿ ಬಸ್ ಹತ್ತಿದ ಮೇಲೂ ಇಳಿದು ಬಂದು ಬೀಗ ಎಳೆದು ನೋಡಿದವನು. ಇಂಥವನು ಚಿಂತಿಸಲೇಬೇಕಾಗಿದ್ದ ಒಂದು ದಿನ ಮಾತ್ರ ನಿಶ್ಚಿಂತನಾಗಿದ್ದೆ.

ಅದು ಬರದ ವರ್ಷ. ಅಕ್ಕನ ಗಂಡನ ಊರು ಹಲಬರ್ಗಾದ ಅರ್ಧ ಓಣಿ ಹೈದರಾಬಾದಿಗೆ ಗಾರೆ ಕೆಲಸಕ್ಕೆ ಹೋಗಿತ್ತು. ಅಕ್ಕನ ಗಂಡ, ನಾನು ಮಾಮಾ ಎನ್ನುವವರು, ಕುರಿಗಳನ್ನು ತಮ್ಮ ಅಣ್ಣನಿಗೆ ಒಪ್ಪಿಸಿ ಅಕ್ಕನೊಂದಿಗೆ ಅತ್ತಲೇ ಹೊರಟು, ದಾರಿಯಲ್ಲಿ ನಮ್ಮಲ್ಲಿ ಇಳಿದಿದ್ದರು. ನನ್ನ ಹೆಂಡತಿ ತವರಿಗೆ, ಔರಾದಿಗೆ ಹೋಗಿದ್ದಳು. ಬೆಳಿಗ್ಗೆ ಹತ್ತಕ್ಕೆ ಮಾಮಾ ಅಂಗಳದಲ್ಲಿ ತೂರಾಡಿ ಕುಳಿತರು. ಒಂದು ಎರಡಾಗಿ ಕಾಣುತ್ತದೆ ಎಂದರು, ವಾಂತಿ ಮಾಡಿದರು. ಮಾತು ತೊದಲಿತು.

"ಬಿಸಲು ಬಡದದ," ಎಂದೆ.

"ಬಿಸಲಲ್ಲ ತಮ್ಮಾ. ಸುತ್ತು ತಿರಗೋ ಕುರಿ ಹಿಂಗೇ ತೂರಾಡ್ತದ. ತಲ್ಯಾಗಿನ ಬ್ಯಾನಿ ಇದು. ದವಾಖಾನಿಗಿ ನಡಿ," ಎಂದಳು ಅಕ್ಕ.

"ಮಾಮಾ ಏನ್ ಕುರಿ ಇದ್ದಾರೇನು?"

ಓದಿದವನ ಗತ್ತಿನಲ್ಲಿ ನಕ್ಕು, ಉಳ್ಳಾಗಡ್ಡಿ ಜಜ್ಜಿ ಅಂಗಾಲಿಗೆ ಉಜ್ಜಿದೆ. ಮಜ್ಜಿಗೆ ಕುಡಿಸಹೋದರೆ ಕಟಬಾಯಿಯಿಂದ ಸೋರಿತು. ಹನ್ನೆರಡಕ್ಕೆ ಅವರ ಕೈಕಾಲು ಜೋತುಬಿದ್ದ ಮೇಲೇ ದವಾಖಾನೆಗೆ ಹೊರಟೆವು.

ಬೀದರಿನಲ್ಲಿ ತಲೆಯ ಸ್ಕ್ಯಾನ್ ನೋಡಿದವರು ಹೈದರಾಬಾದಿಗೆ ಕಳಿಸಿದರು. ಮಿದುಳಿನ ಬುಡಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದೆ, ತೊಡೆಯ ಸಂದಿನಿಂದ ಸಪೂರ ನಳಿಗೆಯನ್ನು ಅಲ್ಲಿಯವರೆಗೆ ಏರಿಸಿ ಹೆಪ್ಪುಗಟ್ಟಿದ ರಕ್ತ ಎಳೆದು ತೆಗೆಯಬಹುದು, ಆದರೂ ಉಳಿಯುವ ಭರವಸೆ ಕೊಡಲಾರೆ ಎಂದರು ಅಲ್ಲಿಯ ಡಾಕ್ಟರು. ಆಮೇಲೆ ಯಾವಾಗಿನಿಂದ ಹೀಗಾಗಿದೆ ಎಂದು ಹಿಂದಿಯಲ್ಲಿ ಕೇಳಿದರು, "ಕಬ್ ಸೇ ಐಸಾ ಹೈ?"

ಹನ್ನೆರಡರಿಂದ ಎನ್ನಲು ನನ್ನ ನಾಲಿಗೆ ಸಿದ್ಧವಾಗಿತ್ತು.

"ದಸ್ ಬಜೇ ಸೇ," ಎಂದು ಹತ್ತು ಗಂಟೆಯ ನಿಜವನ್ನೇ ಹೇಳಿಬಿಟ್ಟಳು ಅಕ್ಕ. ಬಿಸಿಲೆಂದು ತಡಮಾಡಿದವಳು ತಾನೇ ಎಂದೂ ಹರಕುಮುರಕು ಹಿಂದಿಯಲ್ಲಿ ಸೇರಿಸಿದಳು. ನಾನು ಡಾಕ್ಟರು ಚಾಚಿದ ಕಾಗದಕ್ಕೆ ಸಹಿ ಹಾಕಿದೆ.

ಹೆಪ್ಪು ಹೊರಬಂತು, ಮಾಮಾ ಉಳಿದರು. ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆಯಲು ಕಲಿತರು. ಎಡಗೈ ಮಾತ್ರ ಇವತ್ತಿಗೂ ಹೇಳಿದ ಮಾತು ಕೇಳುವುದಿಲ್ಲ. ಬಂಧುಬಳಗವೆಲ್ಲ ಅಕ್ಕನನ್ನೇ ಆಡಿಕೊಂಡಿತು. ಸತ್ಯ ಹೇಳುವುದು ಹೇಗೆಂದು ನಾನು ವರ್ಷಗಟ್ಟಲೆ ಬಹಳ ಶ್ರದ್ಧೆಯಿಂದ ಚಿಂತಿಸಿದೆ. ಹೇಳಲಿಲ್ಲ.

ಇವತ್ತು ಇಬ್ಬರೂ ಊಟಕ್ಕೆ ಬಂದಿದ್ದಾರೆ. ಬಡಿಸುತ್ತ ನನ್ನ ಹೆಂಡತಿ ಅಂದಳು, "ಅವತ್ತ ನೀವು ಜಲ್ದಿ ಹೊಂಟಿದ್ರ ಅಣ್ಣಾರ ಕೈ ಉಳೀತಿತ್ತು ನೋಡ್ರಿ, ಅಕ್ಕಾರ."

"ತಡಾ ಮಾಡಿದಾಂವ ನಾನು," ಎಂದೆ.

ಅಕ್ಕ ರೊಟ್ಟಿ ಮುರಿದು ಮಾಮಾರ ತಟ್ಟೆಗೆ ಇಟ್ಟಳು. ಮಾಮಾ ತಮ್ಮ ನಿಧಾನದ ಮಾತಿನಲ್ಲಿ ಹೇಳಿದರು:

"ಗೊತ್ತದಪಾ. ಅವತ್ತ ಬಾಯಿ ಬಿದ್ದಿತ್ತು, ಕಿವಿ ಬಿದ್ದಿದ್ದಿಲ್ಲ. ನೀ ನಕ್ಕದ್ದೂ ಕೇಳೀನಿ. ಡಾಕ್ಟರ ಮುಂದ ಅಕಿ ಅಂದದ್ದೂ ಕೇಳೀನಿ. ರೊಟ್ಟಿ ಆರ್ಲತದ, ಉಣ್ಣು."